ಸೂರತ್ತಿನ ನಳ

ನಮ್ಮ ಮನೆಯಲ್ಲಿ ರಾತ್ರಿಯ ಊಟ ಇರಲಿಲ್ಲ. ಸಂಜೆಯ ಊಟ ಇತ್ತು, ಅದು ಮುಗಿದ ಮೇಲೆ ಕತ್ತಲೆ ಇತ್ತು. ಹಿತ್ತಲಿನ ಬೇವಿನ ಮರದ ತುದಿಯಲ್ಲಿ ಬಿಸಿಲು ಇನ್ನೂ ಉಳಿದಿರುವಾಗಲೇ ಅತ್ತಿ, ಅಂದರೆ ನನ್ನ ಸೋದರತ್ತೆ, ಹಿಂಬಾಗಿಲಲ್ಲಿ ನಿಂತು ಅಪ್ಪನನ್ನು ಕರೆಯುತ್ತಿದ್ದಳು. ಒಮ್ಮೆ ಮಾತ್ರ. ಎರಡನೆಯ ಸಲ ಕರೆದದ್ದು ನನಗೆ ನೆನಪಿಲ್ಲ. ಅಪ್ಪ ಮುಂದಿನ ಪಡಸಾಲೆಯಲ್ಲಿ ಯಾರದೋ ಹೊಲದಿಂದ ಬಂದ ಸುಟ್ಟ ಮೋಟಾರನ್ನು ಬಿಚ್ಚಿಕೊಂಡು ಕೂತಿರುತ್ತಿದ್ದ. ಬೆರಳಿಗೆ ವಾರ್ನಿಶ್ ಅಂಟಿರುತ್ತಿತ್ತು, ತಾಮ್ರದ ತಂತಿಯ ಸುತ್ತು ಅರ್ಧಕ್ಕೆ ಬಂದಿರುತ್ತಿತ್ತು. ಅರ್ಧಕ್ಕೆ ಬಿಟ್ಟ ಸುತ್ತು ಸಡಿಲಾಗುತ್ತದೆ, ಬೆಳಿಗ್ಗೆ ಮೊದಲಿಂದ ಹಿಡಿಯಬೇಕು. ಆದರೂ ಎದ್ದು ಬರುತ್ತಿದ್ದ. ಕೈಗೆ ಸೀಮೆಎಣ್ಣೆ ಹಚ್ಚಿ ಉಜ್ಜಿ, ಸೀಗೆಪುಡಿಯಿಂದ ತೊಳೆದು, ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದ. ರೊಟ್ಟಿ, ಹೆಸರುಬೇಳೆ, ಒಂದು ಕಾಯಿಪಲ್ಲೆ, ಮಜ್ಜಿಗೆ. ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲ, ನೆಲದೊಳಗೆ ಬೆಳೆದ ಯಾವುದೂ ಇಲ್ಲ. ಸೂರ್ಯ ಮುಳುಗುವುದರೊಳಗೆ ಗಂಗಾಳಗಳು ತೊಳೆದು ಬೋರಲಾಗುತ್ತಿದ್ದವು. ಶೇಡಬಾಳದ ನಮ್ಮ ಓಣಿಯಲ್ಲಿ ಜೈನರ ಮನೆಗಳು ಬಹಳ ಇದ್ದವು. ಎಲ್ಲ ಮನೆಗಳಲ್ಲೂ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ನಮ್ಮ ಮನೆಯಲ್ಲಿ ಇತ್ತು, ಏಕೆಂದರೆ ಮನೆ ಅತ್ತಿಯದು.

ಇದನ್ನು ಈಗ ಬರೆಯುವುದಕ್ಕೆ ಒಂದು ಕಾರಣವಿದೆ, ಹೇಳಿಬಿಡುತ್ತೇನೆ. ನಾನು ಚಿಕ್ಕೋಡಿಯಲ್ಲಿ ಪತ್ರಿಕೆಯೊಂದರ ವರದಿಗಾರ್ತಿ. ಕಚೇರಿಯವರು ನನ್ನನ್ನು ಮಂಗಳೂರಿನ ಡೆಸ್ಕಿಗೆ ಬನ್ನಿ ಅನ್ನುತ್ತಿದ್ದಾರೆ. ಆ ಊರು ನಾನು ಕಂಡಿಲ್ಲ. ಇಲ್ಲಿಯ ಕೆಲಸ ಕಡಿಮೆಯಾಗುತ್ತಿದೆ, ಅಲ್ಲಿ ಇದೆ, ನಿವೃತ್ತಿಗೆ ಇನ್ನೂ ಕಾಲವಿದೆ. ಫೋನಿನಲ್ಲಿ ಸುದ್ದಿ ಸಂಪಾದಕರಿಗೆ ನಾನು ಕೊಟ್ಟ ಉತ್ತರ, ಅಲ್ಲಿಯ ನೀರು ನನಗೆ ಒಗ್ಗಲಿಕ್ಕಿಲ್ಲ ಎಂಬುದು. ಅವರು ಯೋಚನೆ ಮಾಡಿ ಎಂದು ಇಟ್ಟುಬಿಟ್ಟರು. ಫೋನ್ ಕೆಳಗಿಟ್ಟ ಮೇಲೆ ಆ ಮಾತನ್ನು ನಾನು ಹಿಂದೆ ಎಲ್ಲಿ ಕೇಳಿದ್ದೆ ಎಂಬುದು ನೆನಪಾಯಿತು.

ಅಕ್ಕಾತಾಯಿ ಅತ್ತಿ ನನ್ನ ಅಪ್ಪನ ಅಕ್ಕ. ಅಪ್ಪ ಸಣ್ಣವನಿದ್ದಾಗ ಅವರ ತಾಯಿ ತೀರಿಕೊಂಡಳು, ಅತ್ತಿಯೇ ಅವನನ್ನು ಬೆಳೆಸಿದಳು. ಮದುವೆಯಾಗಿ ಶೇಡಬಾಳಕ್ಕೆ ಬಂದಳು, ಬೇಗ ಗಂಡನನ್ನು ಕಳೆದುಕೊಂಡಳು, ಮಕ್ಕಳಿರಲಿಲ್ಲ. ಗಂಡನ ಮನೆ ಅವಳ ಪಾಲಿಗೆ ಬಂತು. ತಮ್ಮನನ್ನು ಕರೆಸಿಕೊಂಡಳು, ಅವನಿಗೆ ಮದುವೆ ಮಾಡಿದಳು, ನಾನು ಆ ಮನೆಯಲ್ಲೇ ಹುಟ್ಟಿದೆ. ಇಷ್ಟರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೋಟಾರು ಹೊತ್ತು ತರುವ ರೈತರು ದಾರಿ ಕೇಳುತ್ತಿದ್ದದ್ದು ಅಕ್ಕಾತಾಯಿಯ ಮನೆ ಎಲ್ಲಿ ಎಂದು. ಅಪ್ಪನ ಹೆಸರಿನ ಮನೆ ಆ ಊರಲ್ಲಿ ಇರಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅಪ್ಪ ಸುತ್ತಿಗೆ ಹಿಡಿದು ಒಳಗೆ ಬಂದು, ಅಕ್ಕಾ, ಇಲ್ಲೊಂದು ಮೊಳಿ ಹೊಡೀಲೇನ, ಎಂದು ಕೇಳುತ್ತಿದ್ದ. ಅವಳು ಯಾವತ್ತೂ ಬೇಡ ಅನ್ನಲಿಲ್ಲ. ಕೇಳಬೇಡ ಎಂದೂ ಅನ್ನಲಿಲ್ಲ.

ಬೇಡ ಅಂದದ್ದು ಒಂದೇ ಒಂದಕ್ಕೆ, ಅದು ಅವ್ವ ಕೇಳಿದ್ದಕ್ಕೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ದಪ್ಪ ಮಣ್ಣಿನ ಗೋಡೆ, ಮೇಲೆ ಹೊಗೆ ಹೋಗಲು ಒಂದು ಬೆಳಕಿಂಡಿ, ಹಿಂದಕ್ಕೆ ಒಂದು ಬಾಗಿಲು. ಅವ್ವ ಭೋಜದವಳು, ರಸ್ತೆಗೆ ಮುಖಮಾಡಿದ ಮನೆಯಲ್ಲಿ ಬೆಳೆದವಳು. ಹೋಗಿ ಬರುವವರನ್ನು ನೋಡುತ್ತ ಕಾಯಿಪಲ್ಲೆ ಹೆಚ್ಚುವ ರೂಢಿ ಅವಳಿಗೆ. ಒಂದು ಕಿಟಕಿ ತೆಗೆಸೋಣ ಎಂದು ಕೇಳಿದ್ದಳಂತೆ. ಗೋಡೆ ಹಳೆಯದು, ಒಡೆದರೆ ಕೂತುಬಿಡುತ್ತದೆ ಎಂದು ಅತ್ತಿ ಹೇಳಿದಳಂತೆ. ಇದು ನಾನು ಕಿವಿಯಾರೆ ಕೇಳಿದ್ದಲ್ಲ, ಅವ್ವ ಆಮೇಲೆ ಹೇಳಿದ್ದು. ಅತ್ತಿಯನ್ನು ಕೇಳಿ ಖಚಿತ ಮಾಡಿಕೊಳ್ಳಲು ನನಗೆ ಆಗಲಿಲ್ಲ.

ಇನ್ನು ನೀರು. ಹಿತ್ತಲಲ್ಲಿ ಬಾವಿ ಇತ್ತು. ಸೇದಿದ ನೀರನ್ನು ಹಾಗೇ ಕುಡಿಯುವಂತಿರಲಿಲ್ಲ. ಕೊಡದ ಬಾಯಿಗೆ ಎರಡು ಮಡಿಕೆಯ ದಪ್ಪ ಅರಿವೆ ಕಟ್ಟಿ ಸೋಸಬೇಕು. ಅದು ಎಷ್ಟೋ ಮನೆಗಳಲ್ಲಿ ಇರುವುದೇ. ನಮ್ಮ ಮನೆಯಲ್ಲಿ ಕೆಲಸ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಸೋಸಿದ ಅರಿವೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವೆ, ಅವು ಒಣಗಿ ಸಾಯಬಾರದು. ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಆ ತೊಳೆದ ನೀರನ್ನು ಬೇರೆ ತಂಬಿಗೆಯಲ್ಲಿ ಹಿಡಿದು, ಯಾವ ಬಾವಿಯಿಂದ ಬಂತೋ ಅದೇ ಬಾವಿಗೆ ಬಿಡಬೇಕು. ಅತ್ತಿ ಅದಕ್ಕೆ ಜೀವಾಣಿ ಅನ್ನುತ್ತಿದ್ದಳು. ಮೇಲಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಸಾಯುತ್ತವೆ. ತಂಬಿಗೆಯ ತಳಕ್ಕೆ ಒಂದು ಬಳೆ ಬೆಸೆದಿತ್ತು, ಅದಕ್ಕೂ ಒಂದು ಹಗ್ಗ. ನೀರು ಮುಟ್ಟುವ ತನಕ ಇಳಿಬಿಟ್ಟು, ತಳದ ಹಗ್ಗ ಮೆಲ್ಲಗೆ ಜಗ್ಗಿದರೆ ತಂಬಿಗೆ ನೀರಿನ ಮೇಲೇ ಮಗುಚಿಕೊಳ್ಳುತ್ತದೆ. ಅದನ್ನು ನನಗೆ ಕಲಿಸಿದವಳು ಅತ್ತಿ. ಬೇರೆ ನೀರಿಗೆ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ.

"ನಿನ್ನ ಒಯ್ದು ಗುರ್ತಿಲ್ಲದವರ ಮನ್ಯಾಗ ಬಿಟ್ರ ಏನಾಕ್ಕೈತಿ? ಹಂಗ."

ಸೂರತ್ತಿನ ಮಾತನ್ನು ಮನೆಗೆ ತಂದವನು ಭೋಜದ ಮಾಮಾ, ಅವ್ವನ ಅಣ್ಣ. ಲಾರಿ ಓಡಿಸುತ್ತಿದ್ದ. ನಿಪ್ಪಾಣಿಯಿಂದ ತಂಬಾಕಿನ ಚೀಲ ತುಂಬಿಕೊಂಡು ಗುಜರಾತಿನ ತನಕ ಹೋಗಿ ಬರುತ್ತಿದ್ದ. ಬಂದಾಗಲೆಲ್ಲ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮನೆ ತುಂಬ ಮಾತು. ಆ ಸಲ ಬಂದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಮಳೆಗಾಲದಲ್ಲಿ ಯಾರ ಮೋಟಾರೂ ಸುಡುವುದಿಲ್ಲ. ಅಪ್ಪ ಪಡಸಾಲೆಯಲ್ಲಿ ಖಾಲಿ ಕೂತಿದ್ದ, ಇಲ್ಲವೇ ಯಾರದೋ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಿದ್ದ. ಬೇಸಿಗೆಯಲ್ಲಿ ಊಟ ಬಿಟ್ಟು ದುಡಿಯುವಷ್ಟು ಕೆಲಸ, ಮಳೆಗಾಲದಲ್ಲಿ ಕೈಕಟ್ಟಿ ಕೂರುವುದು. ಅದು ಅವನನ್ನು ದುಡಿಮೆಗಿಂತ ಹೆಚ್ಚು ದಣಿಸುತ್ತಿತ್ತು.

"ದಾಜೀ, ಸೂರತ್ಯಾಗ ಬಟ್ಟಿ ಗಿರಣಿ ಐತಿ," ಮಾಮಾ ಹೇಳಿದ. ಅಕ್ಕ ತಂಗಿಯರ ಗಂಡಂದಿರನ್ನು ನಮ್ಮ ಕಡೆ ದಾಜಿ ಅನ್ನುತ್ತಾರೆ. "ಅಲ್ಲಿ ಮುಕಾದಮ ನನಗ ಗುರ್ತು. ಮೋಟಾರ್ ವೈಂಡಿಂಗ್ ಮಾಡಾಂವ ಬೇಕಾಗ್ಯಾನ. ವರ್ಸಪೂರ್ತಿ ಕೆಲಸ, ಇರಾಕ ಖೋಲಿ ಕೊಡ್ತಾರ. ಇಲ್ಲಿ ಕುಂತ ನೊಣಾ ಹೊಡದಿದ್ದು ಸಾಕಲ್ಲೇನು?"

"ನೊಣಾ ಹೊಡದ್ರ ನಮ್ಮಕ್ಕ ಮನಿ ಬಿಡಿಸ್ಯಾಳು," ಎಂದು ಅಪ್ಪ ನಕ್ಕ. ಒಳಗಿದ್ದ ಅತ್ತಿಯೂ ನಕ್ಕಳು. ಅವ್ವ ನಗಲಿಲ್ಲ. ಅವಳು ಕೈಯಲ್ಲಿದ್ದ ಲೋಟ ಕೆಳಗಿಡದೆ ಅಪ್ಪನ ಮುಖ ನೋಡುತ್ತಿದ್ದಳು.

ಮುಂದಿನ ಬೇಸಿಗೆಯ ತನಕ ಆ ಮಾತು ಮನೆಯಲ್ಲಿ ಬೆಳೆಯಿತು. ಜಗಳಗಳು ಆದವು, ಆದರೆ ಜೋರಾಗಿ ಅಲ್ಲ. ಅಪ್ಪ ಅವ್ವ ಮಾತಾಡುತ್ತಿದ್ದದ್ದು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬಟ್ಟೆಯ ಸಪ್ಪಳದ ನಡುವೆ. ಅವ್ವನದು ಒಂದೇ ಮಾತು: ಖೋಲಿ ಸಣ್ಣದಿರಲಿ, ಅದರ ಬಾಗಿಲು ನಮ್ಮದು. ಅಪ್ಪನದೂ ಒಂದೇ ಮಾತು: ಅಕ್ಕನನ್ನು ಬಿಟ್ಟು ಹೇಗೆ ಹೋಗಲಿ, ಕರೆದರೆ ಅವಳು ಬರುತ್ತಾಳೆಯೇ? ನೇಮದ ಹೆಣ್ಣುಮಗಳು, ಊರ ಬಸದಿ ಬಿಟ್ಟು, ಬಾವಿ ಬಿಟ್ಟು, ಭಾಷೆ ತಿಳಿಯದ ಊರಿಗೆ ಬರಲಾರಳು ಎಂದು ಇಬ್ಬರೂ ತಿಳಿದಿದ್ದರು. ಯಾರೂ ಅವಳನ್ನು ಕೇಳಿರಲಿಲ್ಲ. ಕೊನೆಗೆ ಒಂದು ಸಂಜೆ ಊಟ ಬಡಿಸುತ್ತ ಅವಳೇ ಮಾತು ತೆಗೆದಳು.

"ಕಲ್ಲಿನ ಮ್ಯಾಲ ಬಟ್ಟಿ ಹರಿಯೂ ಹಂಗ ಬಡೀತೀರಿ ಇಬ್ರೂ. ಸೂರತ್ ಎಷ್ಟ್ ದೂರೈತಿ? ಎಲ್ಲಾರೂ ಹೋಗಿ ನೋಡಿ ಬರೂನು. ನೋಡದ ಯಾಕ ಬ್ಯಾಡ ಅನ್ಲಿ?"

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. ಅವನ ಮುಖ ಅಷ್ಟು ಹಗುರಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಶಾಲೆಗೆ ರಜೆ ಬಿದ್ದ ಮೇಲೆ ಹೋದೆವು. ಶೇಡಬಾಳದಿಂದ ಸಣ್ಣ ಗಾಡಿ, ಮಿರಜಿನಲ್ಲಿ ದೊಡ್ಡ ಗಾಡಿ, ಮುಂಬಯಿಯಲ್ಲಿ ಇನ್ನೊಂದು. ಕೆಲಸವನ್ನು ಕೆಲವು ದಿನ ಮಾಡಿ ನೋಡಲಿ, ಒಗ್ಗಿದರೆ ಉಳಿಯಲಿ ಎಂದು ಮುಕಾದಮ ಒಪ್ಪಿದ್ದ. ಗಿರಣಿಯ ಹಿಂದಿನ ಚಾಳದಲ್ಲಿ ಮೇಲಿನ ಅಂತಸ್ತಿನ ಒಂದು ಖೋಲಿ ಕೊಟ್ಟರು. ಒಂದು ಕಡೆ ಒಲೆಕಟ್ಟೆ, ಇನ್ನೊಂದು ಕಡೆ ನಾಲ್ಕು ಜನ ಮಲಗುವಷ್ಟು ನೆಲ. ಬೀದಿಯ ಕಡೆಗೆ ಒಂದು ಕಿಟಕಿ. ಮರದ ಚೌಕಟ್ಟು, ಕಬ್ಬಿಣದ ಸರಳು, ಕೆಳಗೆ ಹಣ್ಣಿನ ಗಾಡಿಗಳು, ಸೈಕಲ್ಲುಗಳು, ಜರಿ ಸೀರೆಯ ಗಂಟು ಹೊತ್ತ ಹುಡುಗರು. ಅವ್ವ ಗಂಟು ಬಿಚ್ಚುವ ಮೊದಲು ಆ ಕಿಟಕಿಯ ಹತ್ತಿರ ಹೋಗಿ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಅಪ್ಪ ತಾನೇ ಸ್ಟೋವ್ ಹಚ್ಚಿದ. ಮರುದಿನ ಪೇಟೆಗೆ ಹೋಗಿ ಕಿಟಕಿಯ ಪರದೆಗೆಂದು ನೀಲಿ ಹೂವಿನ ದಪ್ಪ ಹತ್ತಿ ಬಟ್ಟೆ ತಂದಳು. ಹೊಲಿಗೆಗೆ ಕೂತಾಗ ಅವಳು ಏನನ್ನೋ ಗುನುಗುತ್ತಿದ್ದಳು. ಅವ್ವನಿಗೆ ಹಾಡು ಬರುತ್ತದೆಂಬುದು ನನಗೆ ಗೊತ್ತಿರಲಿಲ್ಲ.

ಊಟದ ಹೊತ್ತೇ ತೊಡಕಾಗುತ್ತದೆ ಎಂದು ಎಲ್ಲರೂ ಹೆದರಿದ್ದರು. ಆಗಲಿಲ್ಲ. ಅಪ್ಪನಿಗೆ ಬೆಳಗಿನ ಪಾಳಿ ಸಿಕ್ಕಿತು. ಬಿಸಿಲಿರುವಾಗಲೇ ಮನೆಗೆ ಬರುತ್ತಿದ್ದ, ನಡುವೆ ಏಳಬೇಕಾದ ಸುತ್ತು ಯಾವುದೂ ಇರುತ್ತಿರಲಿಲ್ಲ. ಗಿರಣಿಯಲ್ಲಿ ಅವನನ್ನು ಭರಮಪ್ಪಭಾಯಿ ಅನ್ನುತ್ತಿದ್ದರಂತೆ. ಅದನ್ನು ಹೇಳುವಾಗ ನಾಚಿಕೊಂಡ. ಒಂದು ದಿನ ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಹೊಡೆದ. ಹೊಡೆಯುವ ಮೊದಲು ಕೈ ತಡೆದು ಅತ್ತಿಯ ಕಡೆ ತಿರುಗಿದ, ಆಮೇಲೆ ಏನೂ ಕೇಳದೆ ಹೊಡೆದ. ಅತ್ತಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ತೊಡಕಾದದ್ದು ನೀರು. ಚಾಳದ ಅಂಗಳದಲ್ಲಿ ಒಂದು ನಳ. ಬೆಳಿಗ್ಗೆ ಬರುತ್ತಿತ್ತು, ಎಲ್ಲರೂ ಸಾಲು ನಿಲ್ಲುತ್ತಿದ್ದರು. ಅತ್ತಿ ಊರಿಂದ ತಂದ ಅರಿವೆ ಕಟ್ಟಿ ಸೋಸಿದಳು, ಅರಿವೆ ತೊಳೆದು ತಂಬಿಗೆ ಕೈಯಲ್ಲಿ ಹಿಡಿದಳು, ಹಿಡಿದವಳು ಹಾಗೇ ನಿಂತಳು. ಈ ನೀರು ಎಲ್ಲಿಯದು? ಕೆಳಗಿನ ಮನೆಯ ಗುಜರಾತಿ ಹೆಂಗಸನ್ನು ತನ್ನ ಮರಾಠಿಯಲ್ಲಿ ಕೇಳಿದಳು. ಆಕೆ ನಳದ ಕಡೆ ಕೈ ತೋರಿಸಿದಳು. ಅದಕ್ಕೂ ಹಿಂದೆ, ಅದಕ್ಕೂ ಹಿಂದೆ, ಎಂದು ಅತ್ತಿ ಕೈಯಲ್ಲಿ ಸನ್ನೆ ಮಾಡಿದಳು. ತಾಪಿ ನದಿಯದು ಎಂದು ಆಕೆ ಹೇಳಿದಳು. ಅಪ್ಪ ಪಾಳಿ ಮುಗಿಸಿ ಬಂದವನು ಅತ್ತಿಯನ್ನು ಬಸ್ಸಿನಲ್ಲಿ ನದಿಗೆ ಕರೆದುಕೊಂಡು ಹೋದ. ಅವಳು ಮಡಿಲಲ್ಲಿ ತಂಬಿಗೆ ಇಟ್ಟುಕೊಂಡು ಕೂತಳು, ನಾನು ಜೊತೆಗಿದ್ದೆ. ಮೆಟ್ಟಿಲು ಇಳಿದು, ನೀರಿಗೆ ತಾಗಿಸಿ ತಂಬಿಗೆ ಮಗುಚಿದಳು. ಬಸ್ಸಿನವರು ನಮ್ಮನ್ನು ಯಾರದೋ ಅಸ್ಥಿ ಬಿಡಲು ಬಂದವರೆಂದು ತಿಳಿದು ಜಾಗ ಬಿಟ್ಟುಕೊಟ್ಟಿದ್ದರು. ಮರುದಿನವೂ ಹೋದೆವು. ಅದರ ಮರುದಿನವೂ. ಅಪ್ಪ ಒಮ್ಮೆಯೂ ಬೇಸರ ತೋರಿಸಲಿಲ್ಲ.

ಆಮೇಲೆ ಗಿರಣಿಯಲ್ಲಿ ಯಾರೋ ಅಪ್ಪನಿಗೆ ಹೇಳಿದರು, ನಿಮ್ಮ ಚಾಳದ ನಳಕ್ಕೂ ನದಿಗೂ ಸಂಬಂಧವಿಲ್ಲ, ಅದು ಗಿರಣಿಯದೇ ಕೊಳವೆ ಬಾವಿ, ಮೇಲಿನ ಟಾಕಿಗೆ ಏರಿಸಿ ಬಿಡುತ್ತಾರೆ ಎಂದು. ಅಪ್ಪ ಅದನ್ನು ಮನೆಯಲ್ಲಿ ಹೇಳಬಾರದಿತ್ತು. ನಗುತ್ತ ಹೇಳಿಬಿಟ್ಟ. ಅತ್ತಿ ನಗಲಿಲ್ಲ. ಅಷ್ಟು ದಿನ ಬಿಟ್ಟವೆಲ್ಲ ಬೇರೆ ನೀರಿಗೆ ಬಿದ್ದಿದ್ದವು.

ಮರುದಿನದಿಂದ ಅವಳು ನೀರು ಸೋಸುವುದನ್ನು ಬಿಟ್ಟಳು. ಕುಡಿಯುವುದನ್ನೂ ಬಿಟ್ಟಳು. ಉಪವಾಸ ಎಂದಳು. ಅವಳಿಗೆ ಉಪವಾಸ ಹೊಸದಲ್ಲವಾದ್ದರಿಂದ ಮೊದಲು ಯಾರೂ ಗಮನಿಸಲಿಲ್ಲ. ಬಿಸಿಲು ಏರಿದಾಗ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು, ತುಟಿ ಬಿಳಿಚಿತ್ತು. ಅವ್ವ ಪರದೆಯ ಹೊಲಿಗೆ ಬಿಟ್ಟು ಎದ್ದಳು. ಆ ಊರಿನಲ್ಲಿ ಜೈನರು ಕಡಿಮೆಯೇನಿಲ್ಲ. ಕೇಳಿಕೊಂಡು ಹೋಗಿ, ಒಂದು ಬಸದಿ ಹುಡುಕಿ, ಅಲ್ಲಿಯ ಬಾವಿಯಿಂದ ಕೊಡ ತುಂಬಿ, ಅಲ್ಲೇ ಸೋಸಿ, ಜೀವಾಣಿ ಅಲ್ಲೇ ಬಾವಿಗೆ ಬಿಟ್ಟು, ಕೊಡ ಸೊಂಟಕ್ಕೆ ಏರಿಸಿಕೊಂಡು ಬಂದಳು. ದೂರದ ದಾರಿ. ಸೆರಗು ತೊಯ್ದು ಮೈಗೆ ಅಂಟಿತ್ತು.

"ಕುಡೀರಿ ಅಕ್ಕಾರ. ಬಸ್ತಿ ಬಾಂವಿದು. ಎಲ್ಲಾ ರೀತೀಲೆ ಮಾಡೇನಿ."

ಅತ್ತಿ ಕುಡಿದಳು. ಲೋಟ ಕೆಳಗಿಟ್ಟು, "ಇವತ್ತ ತಂದಿ. ದಿನಾ ಎಷ್ಟಂತ ತರ್ತಿ?" ಎಂದಳು.

"ದಿನಾ ತರ್ತೀನ್ರಿ."

"ಬ್ಯಾಡ, ಸುಶೀಲಾ. ಈ ಊರಿನ ನೀರ ನಂಗ ಒಗ್ಗೂದಿಲ್ಲ. ನೀವ ಇರ್ರಿ. ನನ್ನ ಊರಿಗೆ ಕಳಿಸ್ರಿ."

ಅವ್ವ ಆಗ ತನ್ನ ದನಿ ಏರಿಸಿದಳು. ನಾನು ಕೇಳಿದ ಒಂದೇ ಸಲ ಅದು. ಎಲ್ಲದಕ್ಕೂ ದಾರಿ ಹುಡುಕಿ ಕೊಟ್ಟ ಮೇಲೂ ಬೇಡ ಅಂದರೆ ಅದು ನೀರಿನ ಮಾತಲ್ಲ ಎಂದಳು. ಅತ್ತಿ ಗೋಡೆಯ ಮೊಳೆಯ ಕಡೆ, ಕ್ಯಾಲೆಂಡರಿನ ಕಡೆ ನೋಡುತ್ತಿದ್ದಳು.

ಅಪ್ಪ ಪಾಳಿ ಮುಗಿಸಿ ಬಂದ. ಅಳುತ್ತ ನಿಂತ ಅವ್ವನನ್ನು ನೋಡಿದ, ಅತ್ತಿಯ ಮುಂದೆ ಕೂತು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಏನೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಗಿರಣಿಗೆ ಹೋದ. ತಿರುಗಿ ಬಂದವನು ಬಾಗಿಲಲ್ಲೇ ನಿಂತು, ಮುಕಾದಮನಿಗೆ ಹೇಳಿ ಬಂದೆ, ನಾಳೆ ಎಲ್ಲರೂ ಹೊರಡೋಣ ಎಂದ. ಅವ್ವನ ಕಡೆ ನೋಡಿ ಹೇಳಲಿಲ್ಲ.

ಹೊರಡುವ ಬೆಳಿಗ್ಗೆ ದಾರಿಗೆಂದು ನಳದ ನೀರನ್ನೇ ಸೋಸಿದರು. ತಂಬಿಗೆಯಲ್ಲಿ ಜೀವಾಣಿ ಉಳಿಯಿತು. ಅವ್ವ ಅದನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು, ಅತ್ತಿ ಮೇಲಿನ ಕಟಕಟೆ ಹಿಡಿದು ನೋಡುತ್ತಿರುವಾಗಲೇ, ನಳದ ಕೆಳಗಿನ ಗಟಾರಕ್ಕೆ ಸುರಿದಳು. ಮೇಲಿಂದ, ನಿಂತುಕೊಂಡೇ. ಅತ್ತಿ ನೋಡಿದಳು. ಒಂದು ಮಾತೂ ಆಡಲಿಲ್ಲ. ಊರಲ್ಲಾಗಿದ್ದರೆ ಅವಳು ಅಂಥದಕ್ಕೆ ಒಂದು ಹೊತ್ತಿನ ಊಟ ಬಿಡುತ್ತಿದ್ದಳು. ಇದು ನನಗೆ ಆಗ ಅರ್ಥವಾಗಲಿಲ್ಲ, ಆದರೆ ನೆನಪಿನಲ್ಲಿ ಉಳಿಯಿತು.

ಶೇಡಬಾಳದಲ್ಲಿ ಯಾಕೆ ಬಂದಿರಿ ಎಂದು ಎಲ್ಲರೂ ಕೇಳಿದರು. ಅಪ್ಪನ ಉತ್ತರ ಎಲ್ಲರಿಗೂ ಒಂದೇ: ಅಲ್ಲಿ ನೀರಿನ ನೇಮ ನಡೆಯಲಿಲ್ಲ. ಆ ಉತ್ತರಕ್ಕೆ ನಮ್ಮ ಓಣಿಯಲ್ಲಿ ಎದುರು ಮಾತಿಲ್ಲ. ಕೆಲಸಕ್ಕೆ ಹೋಗಿ ಸೋತು ಬಂದವನನ್ನು ಕಂಡು ನಗುವ ಊರು, ನೇಮಕ್ಕಾಗಿ ಕೆಲಸ ಬಿಟ್ಟು ಬಂದವನಿಗೆ ತಲೆಬಾಗಿತು. ಬಸದಿಯ ಹಿರಿಯರು ಅಪ್ಪನನ್ನು ಕರೆದು ಮುಂದೆ ಕೂರಿಸಿಕೊಂಡರು. ಅವನು ಅಲ್ಲಿ ನೆಲ ನೋಡುತ್ತ ಕೂತಿದ್ದ. ಮಾಮಾ ಮಾತ್ರ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. ಬಂದಾಗ, ದಾಜೀ, ಗುಜರಾತದಾಗ ಜನಾ ಏನ್ ವಾರ್ನಿಶ್ ಕುಡೀತಾರೇನು, ಎಂದು ಕೇಳಿ ಕಹಿಯನ್ನು ಕಳೆದುಕೊಂಡ. ನೀಲಿ ಹೂವಿನ ಪರದೆ ಅವ್ವನ ಟ್ರಂಕಿನಲ್ಲಿ ಇತ್ತು. ಸೋಸುವ ಅರಿವೆ ಹರಿದು ಹೊಸದು ಬೇಕಾದಾಗ ಅವಳು ಪರದೆಯನ್ನು ತೆಗೆದು, ಹೊಲಿಗೆ ಬಿಚ್ಚಿ, ಕೊಡದ ಬಾಯಿಯ ಅಳತೆಗೆ ಕತ್ತರಿಸಿದಳು. ಒಳ್ಳೆಯ ದಪ್ಪ ಬಟ್ಟೆ, ಬಹಳ ದಿನ ಬಾಳಿತು. ಆ ವರ್ಷಗಳಲ್ಲಿ ನಾವು ಕುಡಿದ ನೀರೆಲ್ಲ ಆ ಹೂವುಗಳ ಮೂಲಕ ಇಳಿದದ್ದು.

ಆಮೇಲಿನ ವರ್ಷಗಳ ಬಗ್ಗೆ ಬರೆಯುವಂಥದ್ದು ಕಡಿಮೆ. ಅಪ್ಪ ಮೋಟಾರು ಸುತ್ತಿದ. ಮಳೆಗಾಲದಲ್ಲಿ ಕೂತ. ಮೊಳೆ ಹೊಡೆಯುವ ಮೊದಲು ಕೇಳಿದ. ಅವ್ವ ಅಡುಗೆಮನೆಯ ಕತ್ತಲಲ್ಲಿ ರೊಟ್ಟಿ ಬಡಿದಳು. ಯಾರೂ ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿದ್ದಿದೆ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ನಮ್ಮ ಓಣಿಗೂ ನಳ ಬಂತು. ಕೃಷ್ಣೆಯ ನೀರನ್ನು ಎಲ್ಲೋ ಎತ್ತಿ, ಟಾಕಿಗೆ ಏರಿಸಿ, ಪೈಪಿನಲ್ಲಿ ಮನೆ ಮನೆಗೆ ಬಿಟ್ಟರು. ಬಾವಿಯ ನೀರು ಆಗಲೇ ತಳ ಕಂಡು ಸವಳಾಗಿತ್ತು. ಕುಡಿಯಲು ನಳದ ನೀರೇ ಗತಿ. ಮೊದಲ ದಿನ ನೀರು ಬಂದಾಗ ನಾವೆಲ್ಲ ಹಿತ್ತಲಲ್ಲಿ ಇದ್ದೆವು. ಅತ್ತಿ ಕೊಡದ ಬಾಯಿಗೆ ಅರಿವೆ ಕಟ್ಟಿ ಸೋಸಿದಳು, ತೊಳೆದಳು, ತಂಬಿಗೆ ಕೈಯಲ್ಲಿ ಹಿಡಿದಳು. ಸೂರತ್ತಿನ ಅಂಗಳದಲ್ಲಿ ನಿಂತ ಹಾಗೆಯೇ ನಿಂತಳು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಇದ್ದಳು. ಅಪ್ಪ ದಣಿದ ದನಿಯಲ್ಲಿ ಕೇಳಿದ.

"ಅಕ್ಕಾ, ಹೊಳಿ ನೀರಿದು. ಹೊಳಿಗೆ ಒಯ್ದ ಬಿಟ್ಟ ಬರೂನೇನ?"

"ಎಲ್ಲಿಂದರ ಬರ್ಲಿ," ಅತ್ತಿ ಹೇಳಿದಳು. "ಬಂದಾವು, ಇಲ್ಲೇ ಇರ್ಲಿ." ತಂಬಿಗೆಗೆ ಹಗ್ಗ ಹಾಕಿ ಬಾವಿಗೆ ಇಳಿಬಿಟ್ಟಳು. ತಳದ ಹಗ್ಗವನ್ನು ಮೆಲ್ಲಗೆ ಜಗ್ಗಿದಳು. ಆಮೇಲೆ ಬಾವಿಯ ಕಟ್ಟೆಯ ಮೇಲೆ ಕೂತುಕೊಂಡಳು.

"ಸೂರತ್ಯಾಗ ನಂಗ ಹೆದರಿಕಿ ಆಗಿತ್ತು ಭರಮಾ. ನೀರಿಂದಲ್ಲ."

ಅಪ್ಪ ಹಗ್ಗ ಸುತ್ತುತ್ತಿದ್ದ. ತಂತಿ ಸುತ್ತುವ ಕೈ, ಹಗ್ಗವನ್ನೂ ಒಂದರ ಪಕ್ಕ ಒಂದು ಎಳೆ ಕೂರುವಂತೆ ಸುತ್ತುತ್ತಿತ್ತು.

"ಗೊತ್ತಿತ್ತ ಬಿಡಕ್ಕಾ."

"ಗೊತ್ತಿದ್ದೂ ತಿರುಗಿ ಬಂದಿ?"

"ಇನ್ನೊಬ್ಬರ ಮನ್ಯಾಗ ಇರೂದಂದ್ರ ಏನಂತ, ನಿನ್ನ ಮನ್ಯಾಗ ಇದ್ದ ನೋಡೇನಿ ನಾ."

ಇಷ್ಟೇ ಮಾತು. ಇದಕ್ಕೆ ನಾನು ಸಾಕ್ಷಿ, ಒಂದು ಪದವೂ ಹೆಚ್ಚು ಕಡಿಮೆ ಇಲ್ಲ. ಅತ್ತಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ನಳ ಇನ್ನೂ ಸುರಿಯುತ್ತಿತ್ತು. ಅವ್ವ ಬಂದು ಅದನ್ನು ಬಂದ್ ಮಾಡಿದಳು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು. ಅಕ್ಕನ ಹೆದರಿಕೆ ತಮ್ಮನಿಗೆ ಗೊತ್ತಿತ್ತು, ತಮ್ಮನ ಸಂಕಟ ಅಕ್ಕನಿಗೆ ಗೊತ್ತಾಯಿತು. ಖೋಲಿ ಬಿಟ್ಟು ಬರೋಣವೇ ಎಂದು ಅವ್ವನನ್ನು ಮಾತ್ರ ಇಬ್ಬರೂ ಕೇಳಿರಲಿಲ್ಲ. ಆ ದಿನವೂ ಕೇಳಲಿಲ್ಲ.

ಅತ್ತಿ ಆ ಬೇಸಿಗೆಯಲ್ಲಿ ಗವಂಡಿಯನ್ನು ತಾನೇ ಕರೆಸಿ ಅಡುಗೆಮನೆಯ ಗೋಡೆ ಒಡೆಸಿದಳು. ಗೋಡೆ ಕೂರಲಿಲ್ಲ. ಕಿಟಕಿ ಹಿತ್ತಲಿಗೆ ತೆರೆಯಿತು, ಅಲ್ಲಿಂದ ಕಾಣುತ್ತಿದ್ದದ್ದು ಬಾವಿ ಮತ್ತು ಬೇವಿನ ಮರ. ಅವ್ವ ಅದಕ್ಕೆ ಪರದೆ ಹಾಕಲಿಲ್ಲ, ಅಲ್ಲಿ ನಿಂತು ಹೊರಗೆ ನೋಡಿದ್ದನ್ನೂ ನಾನು ಕಾಣಲಿಲ್ಲ. ಬೆಳಕಾಯಿತು, ಅಷ್ಟೇ.

ಅತ್ತಿ ಹೋದಳು. ಕೆಲವು ವರ್ಷಗಳ ಮೇಲೆ ಅಪ್ಪನೂ ಹೋದ. ಕೊನೆಗೆ ಆ ಮನೆ ಅವನ ಹೆಸರಿಗೆ ಬಂದಿತ್ತು, ಆದರೆ ಊರಿನವರು ಅಕ್ಕಾತಾಯಿಯ ಮನೆ ಅನ್ನುವುದನ್ನು ಬಿಡಲಿಲ್ಲ. ಅವ್ವ ನನ್ನ ಜೊತೆ ಚಿಕ್ಕೋಡಿಯಲ್ಲಿದ್ದಾಳೆ. ಮದುವೆ ನಾನು ಆಗಲಿಲ್ಲ, ಮನೆಯಲ್ಲಿ ನಾವಿಬ್ಬರೇ. ಈ ಬಾಡಿಗೆ ಮನೆಯ ನಳಕ್ಕೆ ನಾನು ಈಗಲೂ ಅರಿವೆ ಕಟ್ಟುತ್ತೇನೆ. ನೇಮವಲ್ಲ, ರೂಢಿ. ಕೆಲಸದಲ್ಲೂ ಆ ರೂಢಿಯೇ ಉಳಿಯಿತು. ಯಾವ ಸುದ್ದಿ ಬಂದರೂ ಎಲ್ಲಿಂದ ಬಂತು, ಅದಕ್ಕೂ ಹಿಂದೆ ಎಲ್ಲಿಂದ, ಎಂದು ಕೇಳುತ್ತೇನೆ. ಕಿರಿಯ ವರದಿಗಾರರಿಗೆ ಅದು ಕಿರಿಕಿರಿ. ನನ್ನದೇ ಉತ್ತರ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಲು ಮಾತ್ರ ಇಷ್ಟು ದಿನ ಹಿಡಿಯಿತು. ಮಂಗಳೂರಿನ ನೀರನ್ನು ನಾನು ಕುಡಿದೇ ಇಲ್ಲ. ಹೆದರಿಕೆ ಬೇರೆಯದು. ಇಲ್ಲಿ ಕಚೇರಿಗಳಲ್ಲಿ, ಠಾಣೆಯಲ್ಲಿ, ಮಾರುಕಟ್ಟೆಯಲ್ಲಿ ನನ್ನ ಹೆಸರು ಹೇಳಿದರೆ ಕುರ್ಚಿ ಎಳೆದು ಕೊಡುತ್ತಾರೆ. ಅಲ್ಲಿ ನನಗಿಂತ ಅರ್ಧ ವಯಸ್ಸಿನವರ ನಡುವೆ, ಅವರ ಮಾತು ತಿಳಿಯದೆ, ಕುರ್ಚಿ ಯಾವುದು ಎಂದು ಕೇಳಬೇಕು.

ನಿನ್ನೆ ಸಂಜೆ, ಬಿಸಿಲಿರುವಾಗಲೇ, ಊಟಕ್ಕೆ ಕೂತಾಗ ಅವ್ವನನ್ನು ಕೇಳಿದೆ. ಮಂಗಳೂರಿಗೆ ಕರೆದಿದ್ದಾರೆ, ಅಲ್ಲಿಯ ನೀರು ಒಗ್ಗಲಿಕ್ಕಿಲ್ಲ ಅಂದುಬಿಟ್ಟಿದ್ದೇನೆ, ಹೋಗೋಣವೇ, ನಿನಗೆ ಏನನ್ನಿಸುತ್ತದೆ ಎಂದೆ. ಅವಳು ಗಂಗಾಳದ ಅಂಚಿಗೆ ಅಂಟಿದ ಅಗುಳನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡಳು. ಮಂಗಳೂರಿನಲ್ಲಿ ಸಮುದ್ರ ಇದೆಯಂತೆ ಎಂದಳು. ಅಲ್ಲಿಯ ಜನ ಏನು ಮಾತಾಡುತ್ತಾರೆ ಎಂದು ಕೇಳಿದಳು, ಹೇಳಿದೆ. ಮೊಣಕಾಲು ನೋಯುವುದು ಇಲ್ಲಾದರೂ ನೋಯುತ್ತದೆ, ಅಲ್ಲಾದರೂ ನೋಯುತ್ತದೆ ಎಂದಳು.

"ನೀರಿಂದ ಕೇಳಬ್ಯಾಡ ಅವರ್ನ. ನೀರ ಎಲ್ಲಾ ಕಡೆ ಎಲ್ಲಿಂದರ ಬಂದ ಬರತೈತಿ. ಕಿಡಕಿದ ಕೇಳ."

"ಎಂಥಾ ಕಿಡಕಿ ಬೇಕವ್ವಾ?"

"ಬೀದಿ ಕಡೆ ಇರಬೇಕು," ಅವ್ವ ಹೇಳಿದಳು. "ಪರದಿ ನಾ ಹೊಲೀತೀನಿ."

ಈ ಬೆಳಿಗ್ಗೆ ಸುದ್ದಿ ಸಂಪಾದಕರಿಗೆ ಫೋನ್ ಮಾಡಿದೆ. ನೀರಿನ ವಿಷಯ ನಾನು ಹೇಳಿದ್ದು ಸರಿಯಲ್ಲ, ಅದನ್ನು ಬಿಟ್ಟುಬಿಡಿ ಎಂದೆ. ಹಾಗಾದರೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ, ಆದರೆ ಮನೆ ಹುಡುಕುವಾಗ ಒಂದು ನೋಡಬೇಕು ಎಂದೆ. ಕಚೇರಿಗೆ ಹತ್ತಿರ ಇರಬೇಕೇ ಎಂದರು. ದೂರವಿದ್ದರೂ ನಡೆಯುತ್ತದೆ, ಬೀದಿಯ ಕಡೆಗೆ ಒಂದು ಕಿಟಕಿ ಇರಲಿ ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.